ಬೆಳಗಿನ ಎಚ್ಚರ ಹಿಂದಿನ ರಾತ್ರಿಯೇ ಶುರು



ನಮ್ಮ ತಾಳವಾಡಿ ಸೀಮೆಯಲ್ಲಿ ಬೇಗ ಏಳುವುದು ಹೊಸದೇನಲ್ಲ. ಹಸು ಇರುವ ಮನೆಗಳಲ್ಲಿ ಅಮ್ಮಂದಿರು ಕತ್ತಲಲ್ಲೇ ಎದ್ದು ಹಾಲು ಕರೆದು ಡೇರಿಗೆ ಹಾಕಿ ಬರುತ್ತಾರೆ. ಏಳಲಾಗದವರು ನಾವೇ. ಭಾನುವಾರ 6.30ರ ಕನ್ನಡ ಬಲಿಪೂಜೆಯಲ್ಲಿ ವಾಚನ ಓದಲು, ಹಾಡಲು ನಾವು ಬಾರದೆ ಹಿರಿಯರೇ ಎಲ್ಲವನ್ನೂ ನಿಭಾಯಿಸಿದ ವಾರಗಳು ಹಲವು. ನಾವು ನಿದ್ದೆ ಮುಗಿಸಿ 8.30ರ ತಮಿಳು ಪೂಜೆಗೆ ಹೋಗುತ್ತೇವೆ. ಭಾಷೆ ಯಾವುದಾದರೂ ಪೂಜೆ ಒಂದೇ, ನಿಜ. ಆದರೆ ಬರುವವರೇ ಇಲ್ಲದಿದ್ದರೆ ಕನ್ನಡ ಪೂಜೆ ಎಷ್ಟು ದಿನ ಉಳಿದೀತು?

ಯೇಸುಸ್ವಾಮಿಯ ಮುಂಜಾನೆ

ಸಂತ ಮಾರ್ಕರ ಶುಭಸಂದೇಶದ 1ನೇ ಅಧ್ಯಾಯ, 32ರಿಂದ 39ನೇ ವಚನಗಳನ್ನು ಓದೋಣ. ಕಫೆರ್ನವುಮ್ ಊರಿನಲ್ಲಿ ಸೂರ್ಯ ಮುಳುಗಿದ ಮೇಲೂ ಯೇಸು ರೋಗಿಗಳನ್ನು ಗುಣಪಡಿಸಿದರು. ಊರಿಗೆ ಊರೇ ಬಾಗಿಲಲ್ಲಿ ಸೇರಿತ್ತು. ಆದರೂ ಮರುದಿನ ಬೆಳಕು ಹರಿಯುವ ಮುನ್ನವೇ ಎದ್ದು, ಏಕಾಂತಕ್ಕೆ ಹೋಗಿ ಪ್ರಾರ್ಥಿಸಿದರು. ಶಿಷ್ಯರು ಹುಡುಕಿಕೊಂಡು ಬಂದಾಗ, ಮುಂದೆ ಎಲ್ಲಿಗೆ ಹೋಗಬೇಕೆಂಬುದು ಅವರಿಗೆ ಸ್ಪಷ್ಟವಾಗಿತ್ತು. ಜನ ಕೇಳುವ ಮೊದಲು ಅವರು ತಂದೆಯೊಡನೆ ಮಾತನಾಡಿದ್ದರು.

ದೇಹದ ಗಡಿಯಾರ

ದೇವರು ನಮ್ಮ ಮಿದುಳಿನಲ್ಲೇ ಒಂದು ಗಡಿಯಾರ ಇಟ್ಟಿದ್ದಾರೆ. ಬಹುತೇಕರಲ್ಲಿ ಅದರ ಒಂದು ಸುತ್ತು 24 ಗಂಟೆಗಿಂತ ತುಸು ಹೆಚ್ಚು. ಬೆಳಗಿನ ಬಿಸಿಲು ಅದನ್ನು ದಿನವೂ ಸರಿಪಡಿಸುತ್ತದೆ. ರಾತ್ರಿ ಮೊಬೈಲಿನ ಬೆಳಕು ನಿದ್ದೆ ತರುವ ಮೆಲಟೋನಿನ್ ಹಾರ್ಮೋನನ್ನು ತಡೆದು, ಗಡಿಯಾರವನ್ನು ಹಿಂದಕ್ಕೆ ಎಳೆಯುತ್ತದೆ. ಹದಿಹರೆಯದಲ್ಲಿ ನಿದ್ದೆ ತಡವಾಗಿ ಬರುವುದು ಸಹಜ. ಎಲ್ಲವನ್ನೂ ಸೋಮಾರಿತನ ಎನ್ನಲಾಗದು. ಭಾನುವಾರ ಒಂಬತ್ತರವರೆಗೆ ಮಲಗಿದರೆ ಆ ರಾತ್ರಿ ನಿದ್ದೆ ತಡ, ಸೋಮವಾರ ಏಳುವುದು ಇನ್ನೂ ಕಷ್ಟ.

ನಿದ್ದೆಗೆಟ್ಟು ಬೇಗ ಏಳುವುದರಲ್ಲಿ ಲಾಭವಿಲ್ಲ. 13ರಿಂದ 18 ವಯಸ್ಸಿನವರಿಗೆ 8ರಿಂದ 10 ಗಂಟೆ, ದೊಡ್ಡವರಿಗೆ ಕನಿಷ್ಠ 7 ಗಂಟೆ ನಿದ್ದೆ ಬೇಕು. 5.30ಕ್ಕೆ ಏಳಬೇಕಾದ ಹೈಸ್ಕೂಲ್ ಮಕ್ಕಳು 9.30ಕ್ಕೆ ಮಲಗಿರಬೇಕು. ತರಕಾರಿ ಲೋಡಿನ ಜೊತೆ ಹೋಗಿ ನಡುರಾತ್ರಿ ಮರಳುವ ಅಣ್ಣಂದಿರು ಮೊದಲು ನಿದ್ದೆ ಮಾಡಲಿ. ಅವರು ಎದ್ದ ಹೊತ್ತೇ ಅವರ ಮುಂಜಾನೆ.

ನಾವು ಮಾಡೋಣ

1. ಮಲಗುವ ಒಂದು ಗಂಟೆ ಮೊದಲು, ಮನೆಯ ಜಪಸರದ ಹೊತ್ತಿಗೆ, ಮೊಬೈಲ್ ದೂರ ಇಡೋಣ. ಅಲಾರಂ ಕೈಗೆಟುಕದ ಕಡೆ ಇರಲಿ.
2. ಎದ್ದ ಕೂಡಲೇ ಶಿಲುಬೆಯ ಗುರುತು, ಒಂದು ಲೋಟ ನೀರು, ಬಾಗಿಲು ತೆರೆದು ಹೊರಗಿನ ಬೆಳಕು.
3. ಹತ್ತು ನಿಮಿಷ ಅಂದಿನ ಶುಭಸಂದೇಶ ಓದಿ ಮೌನ ಪ್ರಾರ್ಥನೆ. ಮೊಬೈಲ್ ಆಮೇಲೆ.
4. ಏಳುವ ಹೊತ್ತು ಭಾನುವಾರವೂ ಅದೇ ಇರಲಿ.

ಗುಂಪು ಚರ್ಚೆಗೆ

ರಾತ್ರಿ ನಮ್ಮ ನಿದ್ದೆ ಕದಿಯುವುದು ಯಾವುದು? ಬೆಳಿಗ್ಗೆ ನಾವು ಮೊದಲು ಮಾತನಾಡುವುದು ಯಾರೊಡನೆ?

ಮುಂದಿನ ನಾಲ್ಕು ಭಾನುವಾರ ಪ್ರಯತ್ನಿಸೋಣ. ವಾಚನಕ್ಕೂ ಗಾಯನಕ್ಕೂ ಹೆಸರು ಬರೆಯುವ ಹಾಳೆ ದೇವಾಲಯದ ಬಾಗಿಲ ಬಳಿ ಇದೆ. ಶನಿವಾರ ಸಂಜೆಯೊಳಗೆ ಬರೆಯೋಣ, ರಾತ್ರಿ ಬೇಗ ಮಲಗೋಣ.