ಡಬ್ಬದ ಮೇಲಿನ ಸಣ್ಣ ಅಕ್ಷರ

ಆ ರಾತ್ರಿ ಎದೆ ಹೊಡೆದುಕೊಂಡ ರಭಸಕ್ಕೆ ಮಂಚವೇ ಅದುರುತ್ತಿದೆ ಅನ್ನಿಸಿತ್ತು. ಜುಲೈ ತಿಂಗಳು. ಬಾಳ್ಳುಪೇಟೆಯಿಂದ ನಮ್ಮ ತೋಟಕ್ಕೆ ಬರುವ ದಾರಿಯಲ್ಲಿ ಸಿಲ್ವರ್ ಮರ ಬಿದ್ದು ಕರೆಂಟು ಹೋಗಿ ಎರಡು ದಿನವಾಗಿತ್ತು. ಹೆಂಡತಿ ಟಾರ್ಚಿನ ಬೆಳಕಲ್ಲಿ ಗಡಿಯಾರ ನೋಡುತ್ತಾ ನಾಡಿ ಎಣಿಸಿದಳು: 124. ಕೈ ಸಣ್ಣಗೆ ನಡುಗುತ್ತಿತ್ತು, ಹೊಟ್ಟೆ ತೊಳೆಸುತ್ತಿತ್ತು. ಕಾರು ತೆಗೆಯೋಣವೆಂದರೆ ಮಗ್ಗೆ ಕಡೆ ರಸ್ತೆಯಲ್ಲಿ ಆನೆಗಳಿವೆ ಎಂದು ಸಂಜೆಯೇ ಮೊಬೈಲಿಗೆ ಸಂದೇಶ ಬಂದಿತ್ತು. ಹಾರ್ಟ್ ಅಟ್ಯಾಕ್ ಆದರೂ ಆನೆ ದಾಟುವ ತನಕ ಕಾಯಬೇಕು, ನಮ್ಮ ಕಡೆಯ ಬದುಕೇ ಹಾಗೆ. ಬೆಳಗಿನ ಜಾವಕ್ಕೆ ಅದು ತಾನಾಗಿ ಇಳಿಯಿತು.

ಮರುದಿನ ಸಕಲೇಶಪುರದಲ್ಲಿ ಇಸಿಜಿ ತೆಗೆಸಿದೆವು. ಹೃದಯದಲ್ಲಿ ತೊಂದರೆ ಕಾಣಲಿಲ್ಲ. ಡಾಕ್ಟರು, "ಏನೇನು ಮಾತ್ರೆ ತಗೋತೀರಿ?" ಅಂದರು. ಉಬ್ಬಸದ ಮಾತ್ರೆ ಒಂದರ ಹೆಸರು ಹೇಳಿ ನಾನು ಸುಮ್ಮನಾದೆ. ಹೆಂಡತಿ ಸುಮ್ಮನಾಗಲಿಲ್ಲ. ಬ್ಯಾಗಿನಿಂದ ಒಂದೊಂದೇ ಡಬ್ಬ ತೆಗೆದು ಮೇಜಿನ ಮೇಲೆ ಜೋಡಿಸಿದಳು. ನಾಲ್ಕು.

ಆ ನಾಲ್ಕು ಡಬ್ಬ ಒಂದೇ ದಿನ ಮನೆಗೆ ಬಂದವಲ್ಲ. ನನಗೆ ಕೆಮ್ಮು ಹಳೆಯದು. ಡಿಸೆಂಬರಿನಲ್ಲಿ ಕಣದಲ್ಲಿ ಕಾಫಿ ಒಣಗಲು ಶುರುವಾದರೆ ಕೆಮ್ಮೂ ಶುರು. ಚೆರ್ರಿಯನ್ನು ಹಲ್ಲರ್‌ಗೆ ಹಾಕಿಸುವಾಗ ಗುಮ್ಮೆಂದು ಏಳುವ ಹೊಟ್ಟಿನ ಧೂಳಿನಲ್ಲಿ ನಿಂತಿದ್ದರೆ ಸಂಜೆಗೆ ಎದೆ ಬಿಗಿ. ಆಮೇಲೆ ಮೆಣಸು ಒಕ್ಕುವ ಕಾಲ. ಮೆಣಸು ಒಕ್ಕುವಾಗ ಕೆಮ್ಮದವನು ಯಾರಿದ್ದಾನೆ ಎಂದು ನಗುತ್ತಲೇ ಹತ್ತು ವರ್ಷ ಕಳೆದೆ. 2011ರವರೆಗೆ ಸಿಗರೇಟೂ ಇತ್ತು. 2020ರ ಕೊರೊನಾ ಕಾಲದಲ್ಲಿ ಬೆಂಗಳೂರಿನ ಅಳಿಯ ವಿಟಮಿನ್ ಸಿ ಮತ್ತು ಸತುವಿನ ಮೊದಲ ಡಬ್ಬ ಕಳಿಸಿದ. ಅದರ ಬೆನ್ನಿಗೇ ಎರಡನೆಯದು ಬಂತು, ಗುಲಾಬಿ ಬಣ್ಣದ ಎರಡು ಶ್ವಾಸಕೋಶಗಳ ಚಿತ್ರವಿದ್ದ ಆಂಟಿಆಕ್ಸಿಡೆಂಟ್. ಮೂರನೆಯದು ಅರಿಸಿನ-ಮೆಣಸಿನ ಸಾರದ ಕ್ಯಾಪ್ಸೂಲು, ನಾಲ್ಕನೆಯದು ಮೀನೆಣ್ಣೆ. ತಿಂಗಳಿಗೆ ಮೂರು ಸಾವಿರದ ಮೇಲೆ ಹೋಗುತ್ತಿತ್ತು. ಬೆಳಿಗ್ಗೆ ತಿಂಡಿಯಾದ ಮೇಲೆ ನಾಲ್ಕನ್ನೂ ಅಂಗೈಗೆ ಸುರಿದುಕೊಂಡು ನುಂಗುವಾಗ ಶ್ವಾಸಕೋಶಕ್ಕೆ ಏನೋ ಮಾಡುತ್ತಿದ್ದೇನೆ ಎಂಬ ಸಮಾಧಾನ. ಆ ಸಮಾಧಾನದಲ್ಲೇ ಪರೀಕ್ಷೆ ಮಾಡಿಸುವುದನ್ನು ಮೂರು ವರ್ಷ ಮುಂದೂಡಿದೆ.

ಡಾಕ್ಟರು ಕನ್ನಡಕ ತೆಗೆದು ಡಬ್ಬವನ್ನು ಕಣ್ಣಿಗೆ ಹತ್ತಿರ ಹಿಡಿದರು. "ಇಲ್ಲಿ ಏನು ಬರೆದಿದೆ ಓದಿದೀರಾ?" ಓದಿರಲಿಲ್ಲ. 'ನಾಟ್ ಫಾರ್ ಮೆಡಿಸಿನಲ್ ಯೂಸ್'. ಔಷಧಿಯಾಗಿ ಬಳಸುವಂಥದ್ದಲ್ಲ ಎಂದು ಪೂರಕ ಆಹಾರದ ಡಬ್ಬದ ಮೇಲೆ ಬರೆಯಲೇಬೇಕೆಂದು ಆಹಾರ ಸುರಕ್ಷತಾ ಪ್ರಾಧಿಕಾರದ 2016ರ ನಿಯಮವಿದೆಯಂತೆ. ಬರೆದಿದ್ದರು, ಎರಡು ಶ್ವಾಸಕೋಶಗಳ ಕೆಳಗೆ, ಇರುವೆ ಸಾಲಿನಷ್ಟು ಸಣ್ಣದಾಗಿ.

ಅವರಿಗೆ ಸಂಶಯ ಬಂದದ್ದು ಮೂರನೆಯ ಡಬ್ಬದ ಮೇಲೆ. ಅರಿಸಿನದ ಕರ್ಕ್ಯುಮಿನ್ ಹೊಟ್ಟೆಯಿಂದ ರಕ್ತಕ್ಕೆ ಹೋಗುವುದು ತೀರಾ ಕಡಿಮೆ. ಅದಕ್ಕೆ ಮೆಣಸಿನ ಪೈಪರಿನ್ ಸೇರಿಸಿದರೆ ಹಲವು ಪಟ್ಟು ಹೆಚ್ಚು ಹೋಗುತ್ತದೆ. ಇದನ್ನು 1998ರಲ್ಲಿ ತೋರಿಸಿಕೊಟ್ಟವರು ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರೇ. ಮನುಷ್ಯರಲ್ಲಿ ಎರಡು ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿಲಿಗ್ರಾಂ ಪೈಪರಿನ್ ಕೊಟ್ಟು ನೋಡಿದ್ದರು. ಇಂದು ಲೋಕದ ತುಂಬ ಮಾರಾಟವಾಗುವ ಅರಿಸಿನ-ಮೆಣಸಿನ ಕ್ಯಾಪ್ಸೂಲಿಗೆಲ್ಲ ಆ ಪ್ರಯೋಗವೇ ಮೂಲ. ಆದರೆ ಬಾಗಿಲು ತೆರೆಯುವ ಪೈಪರಿನ್ ಅರಿಸಿನವನ್ನು ಮಾತ್ರ ನೋಡಿ ಒಳಗೆ ಬಿಡುವುದಿಲ್ಲ. ನನಗೆ ಇನ್ನೊಬ್ಬ ವೈದ್ಯರು ಉಬ್ಬಸಕ್ಕೆ ಕೊಟ್ಟಿದ್ದ ಮಾತ್ರೆಯಲ್ಲಿ ಥಿಯೋಫಿಲಿನ್ ಇತ್ತು. ಪೈಪರಿನ್ ಜೊತೆ ಕೊಟ್ಟಾಗ ರಕ್ತದಲ್ಲಿ ಥಿಯೋಫಿಲಿನ್ ಏರುತ್ತದೆ ಎಂದು 1991ರಷ್ಟು ಹಿಂದೆಯೇ ಆರೋಗ್ಯವಂತರ ಮೇಲಿನ ಪ್ರಯೋಗದಲ್ಲಿ ಕಂಡಿತ್ತು. ಥಿಯೋಫಿಲಿನ್ ಸ್ವಲ್ಪ ಹೆಚ್ಚಾದರೂ ಎದೆ ಹಾರುತ್ತದೆ, ಕೈ ನಡುಗುತ್ತದೆ, ವಾಕರಿಕೆ ಬರುತ್ತದೆ.

"ಕಾಫಿ ಎಷ್ಟು ಕುಡೀತೀರಿ?" ಇದು ಅವರ ಮುಂದಿನ ಪ್ರಶ್ನೆ. ಸಕಲೇಶಪುರದಲ್ಲಿ ಯಾರೂ ಕೇಳಬಾರದ ಪ್ರಶ್ನೆ ಅದು. ಕೆಫೀನ್ ಮತ್ತು ಥಿಯೋಫಿಲಿನ್ ದಾಯಾದಿಗಳು. ಮಳೆಗಾಲದಲ್ಲಿ ನನ್ನದು ದಿನಕ್ಕೆ ಆರು ಲೋಟ. "ಇದರಿಂದಲೇ ಆಯ್ತು ಅಂತ ಪ್ರಮಾಣ ಮಾಡಿ ಹೇಳಲ್ಲ," ಅಂದರು, "ಆದ್ರೆ ಡಬ್ಬ ಎಲ್ಲ ನಿಲ್ಲಿಸಿ, ಈ ಮಾತ್ರೇನೂ ನಿಲ್ಲಿಸಿ, ಬೇರೆ ಬರೀತೀನಿ." ಎರಡು ದಿನದಲ್ಲಿ ನಾಡಿ 78ಕ್ಕೆ ಬಂತು. ನಾನೇ ಬೆಳೆದು ಮಾರಿದ ಮೆಣಸು ಎಲ್ಲೆಲ್ಲೋ ತಿರುಗಿ ಕ್ಯಾಪ್ಸೂಲಾಗಿ ಬಂದು ನನ್ನನ್ನೇ ಹಿಡಿದುಕೊಂಡಿತ್ತು. ಸಾರಿಗೆ, ಕಷಾಯಕ್ಕೆ ಹಾಕುವ ನಾಲ್ಕು ಕಾಳಿನ ಮಾತು ಇದಲ್ಲ. ಆ ಕಷಾಯ ಈಗಲೂ ಕುಡಿಯುತ್ತೇನೆ.

ಗುಲಾಬಿ ಶ್ವಾಸಕೋಶದ ಡಬ್ಬದ ಕತೆ ಇನ್ನೂ ಕೆಟ್ಟದು. ಅದರಲ್ಲಿ ಬೀಟಾ ಕ್ಯಾರೊಟಿನ್ ಇತ್ತು. ಕ್ಯಾರೆಟ್ಟಿನಲ್ಲಿರುವುದೇ ತಾನೇ, ಏನಾದೀತು ಎಂದುಕೊಂಡಿದ್ದೆ. ಫಿನ್ಲೆಂಡಿನವರೂ ಹಾಗೇ ಅಂದುಕೊಂಡಿದ್ದರು. 29,133 ಮಂದಿ ಧೂಮಪಾನಿ ಗಂಡಸರಲ್ಲಿ ಕೆಲವರಿಗೆ ದಿನಕ್ಕೆ 20 ಮಿಲಿಗ್ರಾಂ ಬೀಟಾ ಕ್ಯಾರೊಟಿನ್ ಕೊಟ್ಟು ಐದರಿಂದ ಎಂಟು ವರ್ಷ ಕಾದರು. 1994ರಲ್ಲಿ ಲೆಕ್ಕ ಹೊರಬಂದಾಗ ಅದನ್ನು ತಿಂದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗಿರಲಿಲ್ಲ, ಶೇಕಡಾ 18ರಷ್ಟು ಹೆಚ್ಚಾಗಿತ್ತು. ಅಮೆರಿಕದಲ್ಲಿ ಹೀಗೇ ಇನ್ನೊಂದು ಪ್ರಯೋಗ ನಡೆಯುತ್ತಿತ್ತು. ಅಲ್ಲಿಯೂ ಅಪಾಯ ಕಂಡದ್ದರಿಂದ 1996ರ ಜನವರಿಯಲ್ಲಿ ಅರ್ಧಕ್ಕೇ ನಿಲ್ಲಿಸಿದರು. ಅದರಲ್ಲಿ ಸಿಗರೇಟು ಬಿಟ್ಟವರೂ ಇದ್ದರು, ನನ್ನಂಥವರು. ಕ್ಯಾರೆಟ್ಟು ತಿಂದು ಯಾರಿಗೂ ಹೀಗಾಗಿಲ್ಲ, ಗುಳಿಗೆಯ ಪ್ರಮಾಣವೇ ಬೇರೆ. ಬೀಡಿ-ಸಿಗರೇಟು ಸೇದುವವರು, ಸೇದಿ ಬಿಟ್ಟವರು ಡಬ್ಬದ ಹಿಂಭಾಗದಲ್ಲಿ ಈ ಒಂದು ಹೆಸರನ್ನಾದರೂ ಹುಡುಕಬೇಕು. ನಾನು ಮಿಕ್ಕಿದ್ದನ್ನು ಹಿತ್ತಿಲ ಗುಂಡಿಗೆ ಸುರಿದೆ.

ಮೀನೆಣ್ಣೆಯದು ತಮಾಷೆ. "ಶಿರಾಡಿ ಹತ್ತಿ ದಿನಾ ಮಂಗಳೂರಿನಿಂದ ಭೂತಾಯಿ, ಬಂಗುಡೆ ಬರುತ್ತಲ್ರೀ, ಅದರ ಎಣ್ಣೆ ಡಬ್ಬದಲ್ಲಿ ಯಾಕೆ?" ಅಂದರು ಡಾಕ್ಟರು. ಆ ಡಬ್ಬದ ದುಡ್ಡಿಗೆ ನಮ್ಮ ಮನೆಗೆ ತಿಂಗಳ ಮೀನು ಬರುತ್ತದೆ.

ಆಮೇಲೆ ಹಾಸನಕ್ಕೆ ಹೋಗಿ ಸ್ಪೈರೊಮೆಟ್ರಿ ಮಾಡಿಸಬೇಕಾಯಿತು. ಕೊಳವೆಗೆ ಬಾಯಿಟ್ಟು ಇದ್ದಬದ್ದ ಉಸಿರನ್ನೆಲ್ಲ ರಭಸವಾಗಿ ಊದಿ, ಇನ್ನಿಲ್ಲ ಅನ್ನುವ ತನಕ ಊದುತ್ತಲೇ ಇರುವ ಪರೀಕ್ಷೆ. ಮೊದಲ ಸಲ ನನ್ನನ್ನು ವಾಪಸ್ ಕಳಿಸಿದರು. ಆಲೂರು ದಾಟುವಾಗ ಒಂದು, ಹಾಸನದಲ್ಲಿ ಇಳಿದ ಮೇಲೆ ಇನ್ನೊಂದು, ಎರಡು ಲೋಟ ಕಾಫಿ ಕುಡಿದು ಹೋಗಿದ್ದೆ. ಕೆಫೀನ್ ಶ್ವಾಸನಾಳವನ್ನು ಅಷ್ಟಿಷ್ಟು ಸಡಿಲಿಸುತ್ತದೆ, ಮೂರು ನಾಲ್ಕು ಗಂಟೆ ಅದರ ಪ್ರಭಾವ ಉಳಿಯಬಹುದು, ಹಾಗಾಗಿ ಲೆಕ್ಕ ತಪ್ಪುತ್ತದೆ. ಎದೆ ಬಿಗಿದಾಗ ಬಿಸಿ ಕಾಫಿ ಕೊಡು ಎನ್ನುತ್ತಿದ್ದ ನಮ್ಮಜ್ಜ ಸುಮ್ಮನೆ ಹೇಳಿರಲಿಲ್ಲ ಎಂದು ಬಸ್ಸಿನಲ್ಲಿ ಯೋಚಿಸುತ್ತಾ ಬಂದೆ. ಮುಂದಿನ ವಾರ ಬರಿಹೊಟ್ಟೆಯಲ್ಲದಿದ್ದರೂ ಬರಿಗಂಟಲಲ್ಲಿ ಹೋದೆ. ಒಮ್ಮೆ ಊದಿಸಿ, ಔಷಧಿ ಎಳೆಸಿ, ಕಾಲು ಗಂಟೆ ಬಿಟ್ಟು ಮತ್ತೆ ಊದಿಸಿದರು. ಎರಡನೇ ಸಲದ ಗೆರೆ ಎದ್ದು ಕಾಣುವಷ್ಟು ಮೇಲಿತ್ತು. ಅಸ್ತಮಾ. ಇನ್ಹೇಲರ್ ಬರೆದುಕೊಟ್ಟರು. ಮೂರು ವಾರದಲ್ಲಿ ಕಣದಿಂದ ಮನೆಯ ಮೆಟ್ಟಿಲುಗಳನ್ನು ನಿಲ್ಲದೆ ಹತ್ತಿದೆ. ಡಬ್ಬಗಳು ಮೂರು ವರ್ಷದಲ್ಲಿ ಆ ಹದಿನಾಲ್ಕು ಮೆಟ್ಟಿಲು ಹತ್ತಿಸಿರಲಿಲ್ಲ.

ರಕ್ತ ಪರೀಕ್ಷೆಯಲ್ಲಿ ವಿಟಮಿನ್ ಡಿ 11 ಬಂತು. 20ಕ್ಕಿಂತ ಕೆಳಗಿದ್ದರೆ ಕೊರತೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಸೂರ್ಯನ ಮುಖ ಕಾಣದ, ಉಳಿದ ಕಾಲ ಮರದ ನೆರಳಲ್ಲೇ ಓಡಾಡುವ ತೋಟದವನಿಗೆ ಇದರಲ್ಲಿ ಆಶ್ಚರ್ಯವಿಲ್ಲ. ನಾಲ್ಕು ಡಬ್ಬದಲ್ಲಿ ಇಲ್ಲದಿದ್ದದ್ದು ಇದೊಂದೇ, ಬೇಕಾಗಿದ್ದದ್ದೂ ಇದೊಂದೇ! ಅದರ ಗುಳಿಗೆಯನ್ನು ವಾರಕ್ಕೊಂದರಂತೆ ಎಂಟು ವಾರ ತೆಗೆದುಕೊಂಡೆ. ಮೂಳೆಗೆ ಒಳ್ಳೆಯದು, ಇದನ್ನು ಉಬ್ಬಸದ ಔಷಧಿ ಅಂದುಕೊಳ್ಳಬೇಡಿ ಎಂದು ಡಾಕ್ಟರು ಎರಡು ಸಲ ಹೇಳಿದರು.

ಇಷ್ಟಾದ ಮೇಲೆ ಕಣ್ಣು ಹೊರಗೆ ಹೋಯಿತು. ಬೋರ್ಡೋ ಹೊಡೆಯುವ ದಿನ ನಾನೂ ಆಳುಗಳೂ ಮುಖಕ್ಕೆ ಟವೆಲು ಸುತ್ತಿಕೊಂಡು ನಿಲ್ಲುತ್ತಿದ್ದೆವು. ಎಲೆ ತುಕ್ಕಿಗೆ ಅಜ್ಜನ ಕಾಲದಿಂದ ಹೊಡೆಯುತ್ತಿರುವ ಮೈಲುತುತ್ತ-ಸುಣ್ಣದ ನೀರು ತಾನೇ ಎಂಬ ಸದರ. ಪೋರ್ಚುಗಲ್ಲಿನ ದ್ರಾಕ್ಷಿ ತೋಟಗಳಲ್ಲಿ ಇದೇ ದ್ರಾವಣ ಹೊಡೆದವರ ಶ್ವಾಸಕೋಶದಲ್ಲಿ ತಾಮ್ರ ಕೂತು ಕಾಯಿಲೆಯಾದದ್ದನ್ನು ವೈದ್ಯರು 1969ರಲ್ಲೇ ಬರೆದಿದ್ದಾರೆ. ಸಂಜೆ ಟವೆಲು ಬಿಚ್ಚಿದರೆ ಒಳಮೈಯೂ ತಿಳಿನೀಲಿಯಾಗಿರುತ್ತಿತ್ತು. ಅದನ್ನು ಎಷ್ಟು ವರ್ಷ ನೋಡಿದ್ದೇನೆ, ಏನೂ ಅನ್ನಿಸಿರಲಿಲ್ಲ. ಈಗ ಮುಖಕ್ಕೆ ಬಿಗಿಯಾಗಿ ಕೂರುವ ಮಾಸ್ಕು ಎಲ್ಲರಿಗೂ ಇದೆ. ಹಲ್ಲರ್ ಹತ್ತಿರ ನಾನು ನಿಲ್ಲುವುದಿಲ್ಲ. ಬಚ್ಚಲ ಹಂಡೆಯ ಒಲೆಗೆ ಚಿಮಣಿ ಕಟ್ಟಿಸಿದೆ, ಡಬ್ಬಗಳ ಐದು ತಿಂಗಳ ದುಡ್ಡಿನಲ್ಲಿ.

ಹಂಡೆಯ ಹೊಗೆ ಅಂದಾಗ ನಮ್ಮ ಆಳುಗಳ ಲೈನ್ ಮನೆಯ ಅಜ್ಜಿಯ ವಿಷಯ ಬರುತ್ತದೆ. ನಲವತ್ತು ವರ್ಷ ಸೌದೆ ಒಲೆ ಊದಿದವಳು, ಬೀಡಿ ಮುಟ್ಟಿದವಳಲ್ಲ. ನಾಲ್ಕು ಹೆಜ್ಜೆಗೆ ನಿಂತು ಏದುಸಿರು ಬಿಡುತ್ತಿದ್ದಳು. ನನ್ನ ಮಾತು ಕೇಳಿ ತಾಲ್ಲೂಕು ಆಸ್ಪತ್ರೆಗೆ ಬಂದಳು. ಕಫದಲ್ಲಿ ಟಿಬಿ ಇರಲಿಲ್ಲ, ಹೊಗೆಯಿಂದ ಶ್ವಾಸನಾಳ ಕಿರಿದಾಗಿತ್ತು. ಇನ್ಹೇಲರ್ ಕೊಟ್ಟರು. ತೂಕ 34 ಕೆಜಿ. "ಇವರಿಗೆ ಬೇಕು ನೋಡಿ ಪೂರಕ ಆಹಾರ," ಅಂದರು ಡಾಕ್ಟರು. ಇಂಥ ಕಾಯಿಲೆಯಲ್ಲಿ ಉಸಿರಾಡುವುದಕ್ಕೇ ದೇಹ ಹೆಚ್ಚು ಖರ್ಚು ಮಾಡುತ್ತದೆ, ಸೊರಗಿದವರ ಉಸಿರಿನ ಸ್ನಾಯುಗಳೂ ಸೊರಗುತ್ತವೆ, ಹೊಟ್ಟೆಗೆ ಸರಿಯಾಗಿ ಬಿದ್ದರೆ ತೂಕವೂ ಶಕ್ತಿಯೂ ಬರುತ್ತದೆ.

ಡಾಕ್ಟರು ಘಟ್ಟದ ಕೆಳಗಿನವರ ಒಂದು ಕೆಲಸವನ್ನೂ ಹೇಳಿದರು. ಮಂಗಳೂರಿನ ಯೆನೆಪೋಯ ಮೆಡಿಕಲ್ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಅವರು ಸಂಗಡಿಗರೊಂದಿಗೆ ಜಾರ್ಖಂಡಿನಲ್ಲಿ ಟಿಬಿ ರೋಗಿಗಳ ಮನೆಯವರಿಗೆ ತಿಂಗಳಿಗೆ ತಲಾ ಐದು ಕೆಜಿ ಅಕ್ಕಿ, ಒಂದೂವರೆ ಕೆಜಿ ಬೇಳೆ, ಜೊತೆಗೆ ವಿಟಮಿನ್ ಗುಳಿಗೆ ಕೊಟ್ಟು ನೋಡಿದ್ದರು. ಹತ್ತು ಸಾವಿರಕ್ಕೂ ಹೆಚ್ಚು ಜನರಿದ್ದ ಪ್ರಯೋಗ. 2023ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಆ ಮನೆಗಳಲ್ಲಿ ಹೊಸದಾಗಿ ಶ್ವಾಸಕೋಶದ ಟಿಬಿ ಬರುವುದು ಸುಮಾರು ಅರ್ಧಕ್ಕೆ ಇಳಿದಿತ್ತು. ಶ್ವಾಸಕೋಶಕ್ಕೆ ಪೂರಕ ಅಂದರೆ ಅಕ್ಕಿ, ಬೇಳೆ. ಡಬ್ಬದ ಮೇಲೆ ಚಿತ್ರ ಹಾಕಿ ಮಾರಲು ಬರುವುದಿಲ್ಲ.

ಅಜ್ಜಿಗೆ ಈಗ ದಿನಕ್ಕೆ ಎರಡು ಮೊಟ್ಟೆ, ಹುರಿಗಡಲೆ ಹಿಟ್ಟು ಬೆರೆಸಿದ ಹಾಲು, ವಾರಕ್ಕೊಮ್ಮೆ ಮೀನು. ಒಮ್ಮೆಗೇ ಹೊಟ್ಟೆ ತುಂಬ ತಿಂದರೆ ಉಸಿರು ಕಟ್ಟುತ್ತದೆ ಎಂದು ಆರು ಸಲ ಸ್ವಲ್ಪ ಸ್ವಲ್ಪ ತಿನ್ನುತ್ತಾಳೆ. ಅನ್ನ ಗ್ಯಾಸಿನಲ್ಲೇ ಆಗುತ್ತದೆ. ಸಾರು ಮಾತ್ರ ಸೌದೆ ಒಲೆಯಲ್ಲೇ ಆಗಬೇಕೆಂಬ ಹಟ ಇನ್ನೂ ಬಿಟ್ಟಿಲ್ಲ, ಆ ಹೊತ್ತಿಗೆ ಸೊಸೆ ಇವಳನ್ನು ಜಗಲಿಗೆ ಅಟ್ಟುತ್ತಾಳೆ.

ತಿಂಗಳ ಮೊದಲ ಶನಿವಾರ, ಸಂಬಳದ ದಿನ, ಹಣ್ಣು ತೂಗುವ ತಕ್ಕಡಿಯ ಮೇಲೆ ಅವಳನ್ನು ನಿಲ್ಲಿಸುತ್ತೇವೆ. ಕಳೆದ ತಿಂಗಳು 37 ಕೆಜಿ 400 ಗ್ರಾಂ ಬಂತು. ರೈಟರು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಾಗ ಅಜ್ಜಿ ಕೆಳಗಿಳಿಯದೆ ಅಲ್ಲೇ ನಿಂತು ಕೇಳಿದಳು: "ಚೀಲದ ತೂಕ ಕಳೆದ್ಯೇನಪ್ಪಾ?"