ಎಂಜಿನ್ ಬಿಡಿಭಾಗಗಳಿಗೆ ಪೌಡರ್ ಕೋಟಿಂಗ್: ನಮ್ಮ ನಾಲ್ಕು ತಾಲ್ಲೂಕುಗಳ ಕಿರು ಉದ್ಯಮಿಗಳಿಗೊಂದು ಅಧ್ಯಯನ

ಬೈಲಹೊಂಗಲ, ಕಿತ್ತೂರು, ಸವದತ್ತಿ ಹಾಗೂ ರಾಮದುರ್ಗ ತಾಲ್ಲೂಕುಗಳ ಗ್ಯಾರೇಜುಗಳಿಗೆ ಖಂಡೇನವಮಿಯಿಂದ ಹಿಡಿದು ಕಬ್ಬು ನುರಿಸುವ ಹಂಗಾಮು ಆರಂಭವಾಗುವವರೆಗಿನ ವಾರಗಳು ಬಿಡುವಿಲ್ಲದ ಕಾಲ. ಕಾರು, ಜೀಪು, ಟ್ರ್ಯಾಕ್ಟರುಗಳ ಎಂಜಿನ್‌ಗಳನ್ನು ಇಳಿಸಿ ಬಿಚ್ಚುವುದು, ರಿಪೇರಿಯಾದ ಮೇಲೆ ಸೀಮೆಎಣ್ಣೆಯಲ್ಲಿ ತೊಳೆದು ಬ್ರಷ್ಷಿನಿಂದ ಬೆಳ್ಳಿ ಬಣ್ಣ ಬಳಿಯುವುದು ವಾಡಿಕೆ. ಆ ಬಣ್ಣ ಮರುವರ್ಷದ ಹಬ್ಬದವರೆಗೆ ಉಳಿಯುವುದು ಅಪರೂಪ. ಬಾಳಿಕೆ ಬರುವ ಲೇಪನ ಬೇಕೆನ್ನುವವರು ಬಿಡಿಭಾಗಗಳನ್ನು ಬೆಳಗಾವಿಗೋ ಹುಬ್ಬಳ್ಳಿಗೋ ಕಳುಹಿಸುತ್ತಾರೆ. ಕೆಲಸವೂ ಕೂಲಿಯೂ ಹೊರಗೆ ಹೋಗುತ್ತವೆ. ಈ ಕೆಲಸವನ್ನು ಇಲ್ಲಿಯೇ ಮಾಡಲು ಸಾಧ್ಯವೇ, ಅದಕ್ಕೆ ಏನೇನು ತಿಳಿದಿರಬೇಕು, ಎಲ್ಲಿ ನಷ್ಟವಾಗುತ್ತದೆ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ವಿಧಾನದ ಸ್ಥೂಲ ಪರಿಚಯ

ಪೌಡರ್ ಕೋಟಿಂಗ್‌ನಲ್ಲಿ ತಿನ್ನರ್ ಇರುವುದಿಲ್ಲ. ರಾಳ, ಅದನ್ನು ಗಟ್ಟಿಗೊಳಿಸುವ ರಾಸಾಯನಿಕ ಮತ್ತು ವರ್ಣದ್ರವ್ಯಗಳನ್ನು ಕರಗಿಸಿ, ಬೆರೆಸಿ, ಮತ್ತೆ ಪುಡಿ ಮಾಡಿರುತ್ತಾರೆ. 1950ರ ದಶಕದ ಆರಂಭದಲ್ಲಿ ಜರ್ಮನಿಯ ಎರ್ವಿನ್ ಗೆಮ್ಮರ್ ಎಂಬುವರು ಕಾಯಿಸಿದ ಲೋಹವನ್ನು ಗಾಳಿಯಲ್ಲಿ ತೇಲುತ್ತಿರುವ ಪುಡಿಯೊಳಗೆ ಅದ್ದುವ ಕ್ರಮವನ್ನು ರೂಪಿಸಿದರು. ಅನಂತರದ ದಶಕದಲ್ಲಿ ವಿದ್ಯುದಾವೇಶದ ಗನ್ ಬಳಕೆಗೆ ಬಂದಿತು. ಇಂದಿನ ಗನ್ ಸುಮಾರು 60ರಿಂದ 100 ಕಿಲೋವೋಲ್ಟ್ ಒತ್ತಡದಲ್ಲಿ ಪುಡಿಯ ಕಣಗಳಿಗೆ ಆವೇಶ ಕೊಡುತ್ತದೆ. ಅರ್ಥಿಂಗ್ ಮಾಡಿದ ಲೋಹಕ್ಕೆ ಅವು ಅಂಟಿಕೊಳ್ಳುತ್ತವೆ. ಬಳಿಕ ಓವನ್‌ನಲ್ಲಿ ಪುಡಿ ಕರಗಿ, ಹರಡಿ, ಗಟ್ಟಿಯಾಗುತ್ತದೆ. ಪದರದ ದಪ್ಪ ಸಾಮಾನ್ಯವಾಗಿ 60ರಿಂದ 80 ಮೈಕ್ರಾನ್.

ಕಿಟಕಿ ಗ್ರಿಲ್, ಕಪಾಟು, ಗೇಟುಗಳಿಗೆ ಪೌಡರ್ ಹೊಡೆದು ಅನುಭವವಿರುವವರು ಎಂಜಿನ್ ಕೆಲಸವೂ ಅಷ್ಟೇ ಎಂದು ತಿಳಿಯುವುದುಂಟು. ಆದರೆ ಗ್ರಿಲ್ ಹೊಸ ಕಬ್ಬಿಣ. ಎಂಜಿನ್ ಭಾಗವೆಂದರೆ ವರ್ಷಗಟ್ಟಲೆ ಎಣ್ಣೆ ಕುಡಿದ ಎರಕ. ಎಲ್ಲ ತೊಂದರೆಗಳೂ ಈ ಒಂದು ವ್ಯತ್ಯಾಸದಿಂದಲೇ ಹುಟ್ಟುತ್ತವೆ.

ಯಾವ ಭಾಗಕ್ಕೆ ಯಾವ ಲೇಪನ

ಟ್ಯಾಪೆಟ್ ಕವರ್, ಆಯಿಲ್ ಸಂಪ್, ಟೈಮಿಂಗ್ ಕವರ್, ಇನ್‌ಟೇಕ್ ಮ್ಯಾನಿಫೋಲ್ಡ್, ಬ್ರಾಕೆಟ್‌ಗಳು ಪೌಡರ್‌ಗೆ ಯೋಗ್ಯವಾದವು. ಇವುಗಳ ಉಷ್ಣತೆ ಸಾಮಾನ್ಯ ಚಾಲನೆಯಲ್ಲಿ ಪಾಲಿಯೆಸ್ಟರ್ ಪೌಡರ್ ತಾಳಬಲ್ಲ ಮಿತಿಯೊಳಗೆ ಇರುತ್ತದೆ. ಎಪಾಕ್ಸಿ ಪೌಡರ್ ಎಣ್ಣೆ, ಡೀಸೆಲ್‌ಗಳನ್ನು ಚೆನ್ನಾಗಿ ತಡೆಯುತ್ತದೆಯಾದರೂ ಬಿಸಿಲಿಗೆ ಸುಣ್ಣದಂತೆ ಪುಡಿಯೇಳುತ್ತದೆ. ಬಾನೆಟ್ಟಿನೊಳಗೆ ಇರುವ ಕಾರಿನ ಭಾಗಕ್ಕೆ ಇದು ಅಡ್ಡಿಯಲ್ಲ. ಎಂಜಿನ್ ಬದಿಗೆ ಬಿಸಿಲು ಬೀಳುವ ಟ್ರ್ಯಾಕ್ಟರಿಗೆ ಅಡ್ಡಿಯೇ.

ಎಕ್ಸಾಸ್ಟ್ ಮ್ಯಾನಿಫೋಲ್ಡ್ ಮತ್ತು ಸೈಲೆನ್ಸರ್ ಪೈಪಿಗೆ ಸಾಮಾನ್ಯ ಪೌಡರ್ ಹೊಡೆಯಲೇಬಾರದು. ಅಲ್ಲಿನ ಶಾಖ 500 ಡಿಗ್ರಿ ಸೆಲ್ಸಿಯಸ್ ದಾಟಬಹುದು. ಅದಕ್ಕೆ ಸಿಲಿಕೋನ್-ಅಲ್ಯುಮಿನಿಯಂ ಬಣ್ಣವೇ ಸರಿ. ಈ ಬಣ್ಣ ನೆರಳಿನಲ್ಲಿ ಒಣಗಿದಂತೆ ಕಂಡರೂ ಸುಮಾರು 200 ಡಿಗ್ರಿ ಶಾಖ ತಾಗಿದ ಮೇಲೆಯೇ ನಿಜವಾಗಿ ಗಟ್ಟಿಯಾಗುತ್ತದೆ. ದಪ್ಪವಾಗಿ ಬಳಿದರೆ ಗುಳ್ಳೆ ಏಳುತ್ತದೆ. 20-25 ಮೈಕ್ರಾನ್‌ನ ತೆಳು ಪದರ ಸಾಕು. ಗಿರಾಕಿ ಹೊಳಪು ಕೇಳುತ್ತಾನೆಂದು ಮೂರು ಕೋಟು ಕೊಡುವವರು ಮೊದಲ ಓಟದಲ್ಲಿಯೇ ಗಿರಾಕಿಯನ್ನು ಕಳೆದುಕೊಳ್ಳುತ್ತಾರೆ.

ಜೋಡಿಸಿದ ಎಂಜಿನನ್ನು ಓವನ್‌ಗೆ ಇಡುವ ಪ್ರಶ್ನೆಯೇ ಇಲ್ಲ. ಆಯಿಲ್ ಸೀಲು, ಗ್ಯಾಸ್ಕೆಟ್, ವೈರಿಂಗ್‌ಗಳು 200 ಡಿಗ್ರಿ ತಾಳವು. ಅಂಥ ಬ್ಲಾಕಿಗೆ ಚೆನ್ನಾಗಿ ಜಿಡ್ಡು ತೆಗೆದು ಪ್ರೈಮರ್ ಮತ್ತು ಎಂಜಿನ್ ಎನಾಮೆಲ್ ಸಿಂಪಡಿಸುವುದು ಯೋಗ್ಯ. ಎರಡು ಡಬ್ಬಿ ಬೆರೆಸುವ ಪಾಲಿಯುರೆಥೇನ್ ಬಣ್ಣವಾದರೆ ಅದರ ಐಸೊಸಯನೇಟ್ ಶ್ವಾಸಕೋಶಕ್ಕೆ ಅಪಾಯಕಾರಿ. ಮೂಗಿಗೆ ಕರವಸ್ತ್ರ ಕಟ್ಟಿಕೊಂಡರೆ ಏನೂ ತಡೆದಂತಾಗುವುದಿಲ್ಲ.

ಗಾಳಿಯಿಂದ ತಣಿಯುವ ಎಂಜಿನ್ನಿನ ರೆಕ್ಕೆಗಳಿಗೂ ರೇಡಿಯೇಟರಿಗೂ ದಪ್ಪ ಪೌಡರ್ ಬೇಡ, ಅದು ಶಾಖ ಹೊರಹೋಗುವುದನ್ನು ತಡೆಯುತ್ತದೆ. ಶಾಖೋಪಚಾರದಿಂದ ಬಲ ಪಡೆದ ಅಲ್ಯುಮಿನಿಯಂ ಭಾಗಗಳನ್ನು 200 ಡಿಗ್ರಿಯಲ್ಲಿ ಪದೇ ಪದೇ ಬೇಯಿಸಿದರೆ ಅವುಗಳ ಗಟ್ಟಿತನ ಕುಗ್ಗುತ್ತದೆ.

ಶುದ್ಧೀಕರಣವೇ ಮುಖ್ಯ

ಲೇಪನ ಕಿತ್ತುಬಂದಾಗ ಪೌಡರ್ ಕಂಪನಿಯನ್ನು ದೂರುವುದು ರೂಢಿ. ಬಹುಪಾಲು ಸಂದರ್ಭಗಳಲ್ಲಿ ದೋಷ ಇರುವುದು ಪೌಡರ್ ಹೊಡೆಯುವ ಮುಂಚಿನ ಕೆಲಸದಲ್ಲಿ.

ತಗಡಿನ ಕೆಲಸಕ್ಕೆ ಪ್ರಚಲಿತವಿರುವುದು ಏಳು ತೊಟ್ಟಿಗಳ ಕ್ರಮ: ಜಿಡ್ಡು ತೆಗೆಯುವುದು, ತೊಳೆಯುವುದು, ಆಮ್ಲದಲ್ಲಿ ತುಕ್ಕು ತೆಗೆಯುವುದು, ಮತ್ತೆ ತೊಳೆಯುವುದು, ಫಾಸ್ಫೇಟಿಂಗ್, ಪುನಃ ತೊಳೆಯುವುದು, ಕೊನೆಗೆ ಪ್ಯಾಸಿವೇಶನ್. ಎರಕದ ಭಾಗಕ್ಕೆ ಇದನ್ನು ಕಣ್ಣು ಮುಚ್ಚಿ ಅನ್ವಯಿಸಬಾರದು. ಎರಕದ ಸೂಕ್ಷ್ಮ ರಂಧ್ರಗಳಲ್ಲಿ ಆಮ್ಲ ಉಳಿದುಕೊಂಡರೆ ಲೇಪನದ ಅಡಿಯಲ್ಲಿಯೇ ತುಕ್ಕು ಬೆಳೆಯುತ್ತದೆ. ಎರಕಕ್ಕೆ ಬ್ಲಾಸ್ಟಿಂಗ್ ಮೇಲು. ಅಲ್ಯುಮಿನಿಯಂ ಭಾಗವನ್ನು ಕಬ್ಬಿಣಕ್ಕೆಂದು ಕಲಸಿದ ಕಾಸ್ಟಿಕ್ ತೊಟ್ಟಿಗೆ ಹಾಕಿದರೆ ಲೋಹವೇ ಕರಗುತ್ತದೆ, ಹೊತ್ತಿಕೊಳ್ಳುವ ಹೈಡ್ರೋಜನ್ ಅನಿಲವೂ ಹೊರಬರುತ್ತದೆ. ಅಲ್ಯುಮಿನಿಯಂಗೆ ಬೇರೆ ತೊಟ್ಟಿ, ಬೇರೆ ರಾಸಾಯನಿಕ ಇರಲೇಬೇಕು.

ಬ್ಲಾಸ್ಟಿಂಗ್‌ಗೆ ಮಲಪ್ರಭೆಯ ಮರಳು ಅಗ್ಗವಾಗಿ ಸಿಗುವುದೆಂಬ ಆಸೆಗೆ ಯಾರೂ ಬೀಳಬಾರದು. ಒಣ ಮರಳಿನ ಸಿಲಿಕಾ ಧೂಳು ಶ್ವಾಸಕೋಶದಲ್ಲಿ ಕುಳಿತು ಸಿಲಿಕೋಸಿಸ್ ತರುತ್ತದೆ. ಅದನ್ನು ವಾಸಿ ಮಾಡುವ ಔಷಧವಿಲ್ಲ. ಕಬ್ಬಿಣದ ಎರಕಕ್ಕೆ ಉಕ್ಕಿನ ಗ್ರಿಟ್, ಅಲ್ಯುಮಿನಿಯಂಗೆ ಅಲ್ಯುಮಿನಿಯಂ ಆಕ್ಸೈಡ್ ಅಥವಾ ಗಾಜಿನ ಮಣಿಗಳನ್ನು ಮುಚ್ಚಿದ ಕ್ಯಾಬಿನೆಟ್ಟಿನಲ್ಲಿ ಬಳಸತಕ್ಕದ್ದು.

ಇದಕ್ಕಿಂತಲೂ ದುಬಾರಿಯಾದ ಇನ್ನೊಂದು ಸಂಗತಿಯಿದೆ. ಅನೇಕ ಟ್ಯಾಪೆಟ್ ಕವರ್‌ಗಳ ಒಳಬದಿಯಲ್ಲಿ ಎಣ್ಣೆಯ ಹನಿಗಳನ್ನು ತಡೆಯುವ ತಗಡಿನ ಪರದೆ ಇರುತ್ತದೆ. ಬ್ಲಾಸ್ಟಿಂಗ್‌ನ ಕಣಗಳು ಅದರ ಹಿಂದೆ ಸೇರಿಕೊಂಡರೆ ಹೊರಗೆ ಕಾಣುವುದಿಲ್ಲ. ಎಂಜಿನ್ ಚಾಲೂ ಆದ ಮೇಲೆ ಒಂದೊಂದಾಗಿ ಎಣ್ಣೆಗೆ ಉದುರಿ ಬೇರಿಂಗ್‌ಗಳನ್ನು ತಿಂದುಹಾಕುತ್ತವೆ. ಕೆಲವು ನೂರು ರೂಪಾಯಿಗಳ ಕೆಲಸ ಇಡೀ ಎಂಜಿನ್ನಿನ ಮರುರಿಪೇರಿಯ ಹೊಣೆಯಾಗಿ ಘಟಕದ ತಲೆಯ ಮೇಲೆ ಬರಬಹುದು. ಪರದೆಯನ್ನು ಬಿಚ್ಚಬಹುದಾದರೆ ಬಿಚ್ಚಬೇಕು. ರಿವೆಟ್ ಮಾಡಿದ್ದು ತೆಗೆಯಲು ಬಾರದಿದ್ದರೆ ಆ ಭಾಗಕ್ಕೆ ಬ್ಲಾಸ್ಟಿಂಗ್ ಮಾಡದೆ ರಾಸಾಯನಿಕದಿಂದಲೇ ಶುದ್ಧಗೊಳಿಸಬೇಕು. ಎಣ್ಣೆಯ ಹಾದಿಯಿರುವ ಯಾವ ಭಾಗಕ್ಕೂ ಇದೇ ನಿಯಮ.

ಗ್ಯಾಸ್ಕೆಟ್ ಕೂರುವ ಮುಖ, ಚೂಡಿಯಿರುವ ರಂಧ್ರ, ಬೇರಿಂಗ್ ಜಾಗ ಮತ್ತು ಬ್ಯಾಟರಿಯ ಅರ್ಥ್ ತಂತಿ ಕೂರುವ ಬಿಂದುಗಳನ್ನು ಶಾಖ ತಾಳುವ ಟೇಪು ಹಾಗೂ ಸಿಲಿಕೋನ್ ಬಿರಡೆಗಳಿಂದ ಮುಚ್ಚಬೇಕು. ಅರ್ಥ್ ಬಿಂದುವನ್ನು ಮರೆಯುವವರೇ ಹೆಚ್ಚು. ಸೆಲ್ಫ್ ತಿರುಗುತ್ತಿಲ್ಲವೆಂದು ಆಟೋ ಇಲೆಕ್ಟ್ರಿಷಿಯನ್ ಬ್ಯಾಟರಿಯನ್ನು ಬದಲಿಸಿ, ಸ್ಟಾರ್ಟರ್ ಬಿಚ್ಚಿ, ಕೊನೆಗೆ ಚಂದದ ಪೌಡರ್ ಪದರವನ್ನು ಕೆರೆಯುತ್ತಾನೆ.

ಓವನ್ನಿನ ಗಡಿಯಾರ

ಹಳೆಯ ಎರಕ ಬಿಸಿಯಾದಾಗ ಅದರೊಳಗಿನ ಎಣ್ಣೆ, ಗಾಳಿ, ತೇವಗಳು ಹೊರಬಂದು ಕರಗುತ್ತಿರುವ ಪದರದಲ್ಲಿ ಗುಂಡುಸೂಜಿ ಚುಚ್ಚಿದಂಥ ರಂಧ್ರಗಳನ್ನು ಮಾಡುತ್ತವೆ. ಪರಿಹಾರ ಸರಳ, ಆದರೆ ಸಮಯ ಬೇಡುತ್ತದೆ: ಪೌಡರ್ ಹೊಡೆಯುವ ಮುನ್ನ ಬರಿಯ ಭಾಗವನ್ನು ಕ್ಯೂರಿಂಗ್ ಉಷ್ಣತೆಗಿಂತ 10-20 ಡಿಗ್ರಿ ಹೆಚ್ಚಿನ ಶಾಖದಲ್ಲಿ ಸುಮಾರು ಒಂದು ಗಂಟೆ ಇಟ್ಟು, ಹೊರಬಂದ ಎಣ್ಣೆಯನ್ನು ಒರೆಸಿ, ಬೇಕಾದರೆ ಮತ್ತೊಮ್ಮೆ ಇಡಬೇಕು. ಎರಕಕ್ಕೆಂದೇ ತಯಾರಿಸಿದ ಪೌಡರ್‌ಗಳೂ ದೊರೆಯುತ್ತವೆ.

ಪೌಡರ್ ಚೀಲದ ಮೇಲೆ 200 ಡಿಗ್ರಿಯಲ್ಲಿ 10 ನಿಮಿಷ ಎಂದು ಬರೆದಿದ್ದರೆ ಅದು ಲೋಹದ ಉಷ್ಣತೆ, ಓವನ್ನಿನ ಗಾಳಿಯದ್ದಲ್ಲ. ತೆಳು ತಗಡು ಬೇಗ ಕಾಯುತ್ತದೆ. ದಪ್ಪ ಎರಕಕ್ಕೆ ಅದರ ಹಲವು ಪಟ್ಟು ಸಮಯ ಬೇಕಾಗುತ್ತದೆ. ಲೋಹ ಆ ಶಾಖ ಮುಟ್ಟಿದ ಮೇಲೆಯೇ ನಿಮಿಷಗಳನ್ನು ಎಣಿಸತಕ್ಕದ್ದು. ಅರೆಬೆಂದ ಪದರ ಕಣ್ಣಿಗೆ ಪೂರ್ಣ ಬೆಂದಂತೆಯೇ ಕಾಣುವುದರಿಂದ ಪರೀಕ್ಷೆ ಅಗತ್ಯ: ಎಂಇಕೆ ದ್ರಾವಕದಲ್ಲಿ ಅದ್ದಿದ ಬಟ್ಟೆಯಿಂದ ಉಜ್ಜಿದಾಗ ಬಣ್ಣ ಕರಗಿ ಬಂದರೆ ಕ್ಯೂರಿಂಗ್ ಸಾಲದು. ಬ್ಲೇಡಿನಿಂದ ಚೌಕುಳಿ ಗೆರೆ ಎಳೆದು ಟೇಪು ಅಂಟಿಸಿ ಕೀಳುವ ಪರೀಕ್ಷೆ ಹಿಡಿತವನ್ನು ತೋರಿಸುತ್ತದೆ.

ಮೂಲೆ, ಗುಳಿಗಳಿಗೆ ಪುಡಿ ಹೋಗದಿದ್ದರೆ ಗನ್ನಿನ ಒತ್ತಡವನ್ನು ಹೆಚ್ಚಿಸುವುದು ತಪ್ಪು, ಕಡಿಮೆ ಮಾಡಬೇಕು. ಹುಕ್ಕುಗಳ ಮೇಲೆ ಹಳೆಯ ಪೌಡರ್ ಕಟ್ಟಿಕೊಂಡರೆ ಅರ್ಥಿಂಗ್ ತಪ್ಪುತ್ತದೆ. ರಾಮದುರ್ಗ, ಸವದತ್ತಿಗಳ ಬೇಸಿಗೆಯಲ್ಲಿ ತಗಡಿನ ಶೆಡ್ಡಿನೊಳಗೆ ಇಟ್ಟ ಪೌಡರ್ ಗಂಟು ಕಟ್ಟುವುದರಿಂದ ಅದಕ್ಕೆ ತಂಪು ಕೋಣೆ ಬೇಕು. ಕಿತ್ತೂರಿನ ಮಳೆಗಾಲದಲ್ಲಿ ತೊಂದರೆ ಬೇರೆ: ಬ್ಲಾಸ್ಟಿಂಗ್ ಆದ ಕಬ್ಬಿಣ ತೇವದ ಗಾಳಿಯಲ್ಲಿ ಕೆಲವೇ ಗಂಟೆಗಳಲ್ಲಿ ಕೆಂಪಾಗುತ್ತದೆ, ಅದೇ ದಿನ ಪೌಡರ್ ಹೊಡೆದು ಮುಗಿಸಬೇಕು.

ಲೆಕ್ಕ ಹಾಕುವ ರೀತಿ

ಪೌಡರ್‌ನ ಸಾಂದ್ರತೆ 1.5, ಪದರ 60 ಮೈಕ್ರಾನ್ ಎಂದು ಹಿಡಿದರೆ 1 ಕಿಲೋ ಪೌಡರ್ ಸಿದ್ಧಾಂತದಂತೆ ಸುಮಾರು 11 ಚದರ ಮೀಟರ್ ಮುಚ್ಚುತ್ತದೆ. ಶೇ. 60ರಷ್ಟು ಮಾತ್ರ ಭಾಗಕ್ಕೆ ಅಂಟಿದರೆ 6.6 ಚದರ ಮೀಟರ್. ಈಗ 0.15 ಚದರ ಮೀಟರಿನ ಒಂದು ಟ್ಯಾಪೆಟ್ ಕವರಿಗೆ 70 ಮೈಕ್ರಾನ್ ಪದರ ಕೊಡೋಣ. ನಷ್ಟ ಸೇರಿ 26 ಗ್ರಾಂ ಪೌಡರ್ ಬೇಕು. ಕಿಲೋಗೆ 300 ರೂಪಾಯಿ ಎಂದಿಟ್ಟುಕೊಂಡರೂ 8 ರೂಪಾಯಿಯಷ್ಟೇ. ಇಂಧನವೂ ತೋರುವಷ್ಟು ದೊಡ್ಡದಲ್ಲ. 100 ಕಿಲೋ ಎರಕದ ಕಬ್ಬಿಣವನ್ನು 30ರಿಂದ 200 ಡಿಗ್ರಿಗೆ ಏರಿಸಲು ಲೋಹ ಹೀರುವುದು ಸುಮಾರು 2.2 ಯುನಿಟ್, ಓವನ್ನಿನ ಗೋಡೆ, ಗಾಳಿಗಳಿಗೆ ಅದರ ಕೆಲವು ಪಟ್ಟು ಹೋಗುತ್ತದೆ. ಖರ್ಚೆಲ್ಲ ಇರುವುದು ಜಿಡ್ಡು ತೆಗೆಯುವ, ಮುಚ್ಚುವ, ಎರಡು ಬಾರಿ ಕಾಯಿಸುವ ಕೈಕೆಲಸದಲ್ಲಿ. ಆದ್ದರಿಂದ ಗೇಟಿನಂತೆ ಎಂಜಿನ್ ಭಾಗಕ್ಕೂ ಚದರ ಅಡಿಯ ದರ ಹೇಳುವವರು ನಷ್ಟ ಅನುಭವಿಸುತ್ತಾರೆ. ದರವನ್ನು ನಗಕ್ಕೆ, ಕೆಲಸದ ಗಂಟೆಗಳನ್ನು ನೋಡಿ ಹೇಳಬೇಕು.

ಹಾಗೆಂದು ಎಂಜಿನ್ ಭಾಗಗಳನ್ನೇ ನಂಬಿ ಒಂದು ಘಟಕ ನಡೆಯುವುದೆಂದು ನಮಗೆ ಅನಿಸುವುದಿಲ್ಲ. ತಾಲ್ಲೂಕಿಗೊಂದು ಘಟಕವಾದರೆ ನಾಲ್ಕೂ ಓವನ್‌ಗಳು ಅರೆಖಾಲಿ ಇರುತ್ತವೆ. ಟ್ರೇಲರ್, ಕೃಷಿ ಉಪಕರಣ, ಕಪಾಟು, ಗೇಟುಗಳು ದಿನನಿತ್ಯದ ಆಧಾರವಾಗಿ, ಎಂಜಿನ್ ಭಾಗಗಳು ವಾರದ ಗೊತ್ತಾದ ಒಂದೆರಡು ದಿನಗಳ ಕೆಲಸವಾಗಿ ಇರುವುದು ಯೋಗ್ಯ. ನಾಲ್ಕೂ ತಾಲ್ಲೂಕುಗಳಿಗೆ ಒಂದೇ ಘಟಕವೆಂದರೆ ಕಿತ್ತೂರು ಅನುಕೂಲಕರ: ಅದು ರಾಷ್ಟ್ರೀಯ ಹೆದ್ದಾರಿ 48ರ ಮೇಲಿದ್ದು, ಒಂದು ಬದಿಗೆ ಬೆಳಗಾವಿಯ ಉದ್ಯಮಬಾಗ ಮತ್ತು ಮಚ್ಛೆ, ಇನ್ನೊಂದು ಬದಿಗೆ ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶಗಳಿವೆ. ಆದರೆ ಗ್ಯಾರೇಜುಗಳ ಹಳೆಯ ಸಂಪರ್ಕ ಬೈಲಹೊಂಗಲ ಪೇಟೆಯೊಂದಿಗೆ ಇರುವುದರಿಂದ ಅಲ್ಲಿ ಮಾಲು ಸಂಗ್ರಹಿಸುವ ಒಂದು ಅಂಗಡಿ ಇಟ್ಟುಕೊಳ್ಳಬೇಕಾದೀತು. ದೊಡ್ಡ ವಾಹನ ಕಂಪನಿಗಳ ಆರ್ಡರಿನ ಕನಸನ್ನು ಆರಂಭದಲ್ಲಿಯೇ ಕಾಣಬಾರದು. ಅವರು ಬಹುತೇಕ ಎಲೆಕ್ಟ್ರೋ ಡಿಪಾಸಿಷನ್ ಲೇಪನ ಕೇಳುತ್ತಾರೆ, ಅದರ ಬಂಡವಾಳವೇ ಬೇರೆ.

ಕೂಲಿ ಕೆಲಸದ ಬಾಕಿ ಸಣ್ಣ ಘಟಕಗಳನ್ನು ಮುಳುಗಿಸುವ ಇನ್ನೊಂದು ಹೊಂಡ. ಉದ್ಯಮ್ ನೋಂದಣಿ ಇದ್ದ ಕಿರು ಮತ್ತು ಸಣ್ಣ ಘಟಕಕ್ಕೆ 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯಂತೆ ಖರೀದಿದಾರ 45 ದಿನಗಳನ್ನು ಮೀರದಂತೆ ಹಣ ಕೊಡಬೇಕು; ತಡವಾದರೆ ಬಡ್ಡಿ ಸೇರುತ್ತದೆ. ಒಪ್ಪಂದ ಲಿಖಿತವಾಗಿರಲಿ.

ಆಮ್ಲ ಮತ್ತು ಫಾಸ್ಫೇಟಿನ ತೊಟ್ಟಿ ಕಟ್ಟುವ ಮೊದಲೇ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪಡೆಯತಕ್ಕದ್ದು. ತೊಳೆದ ನೀರನ್ನು ಸುಣ್ಣದಿಂದ ತಟಸ್ಥಗೊಳಿಸಿ, ಕೆಸರನ್ನು ಬೇರ್ಪಡಿಸದೆ ಹಳ್ಳಕ್ಕೆ ಬಿಡುವಂತಿಲ್ಲ. ಪ್ಯಾಸಿವೇಶನ್‌ಗೆ ಕ್ಯಾನ್ಸರ್‌ಕಾರಕವಾದ ಆರು ವೇಲೆನ್ಸಿಯ ಕ್ರೋಮ್ ಬದಲು ಕ್ರೋಮ್‌ರಹಿತ ದ್ರಾವಣಗಳು ಸಿಗುತ್ತವೆ. ಕೊನೆಯ ಬಾರಿ ತೊಳೆಯುವ ನೀರು ಕೊಳವೆಬಾವಿಯ ಗಡಸು ನೀರಾದರೆ ಅದರ ಲವಣ ಲೋಹದ ಮೇಲೆ ಉಳಿದು ಲೇಪನದಡಿ ಕಲೆಗಟ್ಟುತ್ತದೆ. ಆ ಒಂದು ತೊಟ್ಟಿಗಾದರೂ ಲವಣ ತೆಗೆದ ನೀರು ಒದಗಿಸಬೇಕು. ಜಾಗ ಗೊತ್ತು ಮಾಡುವ ಮುನ್ನವೇ ಅಲ್ಲಿನ ಬಾವಿ ನೀರನ್ನು ಪರೀಕ್ಷೆಗೆ ಕಳುಹಿಸುವುದು ಲೇಸು.