ಪಾಪ, ಪಶ್ಚಾತ್ತಾಪ, ಕ್ಷಮೆ: ಬೆಟ್ಟ ಹತ್ತುವ ಭಕ್ತಾದಿಗಳಿಗೆ ಒಂದು ಪಾಠ

ಪುಣ್ಯಕ್ಷೇತ್ರದ ಬೆಟ್ಟ ಹತ್ತುವವರಲ್ಲಿ ಭಾರ ಇಲ್ಲದವರು ಯಾರೂ ಇಲ್ಲ. ಕೈಯಲ್ಲಿ ಮೇಣದಬತ್ತಿ, ಹೂವಿನ ಹಾರ. ಮನಸ್ಸಿನಲ್ಲಿ ಒಂದೊಂದು ನೋವು. ಒಬ್ಬರಿಗೆ ಮಗುವಿನ ಕಾಯಿಲೆ, ಇನ್ನೊಬ್ಬರಿಗೆ ಸಾಲ, ಮತ್ತೊಬ್ಬರಿಗೆ ಗಂಡನ ಕುಡಿತ. ಮೆಟ್ಟಿಲು ಹತ್ತುತ್ತಾ ಅನೇಕರು ಕೇಳಿಕೊಳ್ಳುವ ಪ್ರಶ್ನೆ ಒಂದೇ: “ನಾನು ಏನು ಪಾಪ ಮಾಡಿದ್ದೆ ಅಂತ ದೇವರು ಈ ಕಷ್ಟ ಕೊಟ್ಟ?” ಈ ಪ್ರಶ್ನೆಗೆ ಶುಭಸಂದೇಶ ಕೊಡುವ ಉತ್ತರವನ್ನು ಭಕ್ತಾದಿಗಳು ನಿಧಾನವಾಗಿ ಓದಿ ಮನನ ಮಾಡತಕ್ಕದ್ದು.

ಕಷ್ಟವೆಲ್ಲಾ ಶಿಕ್ಷೆಯಲ್ಲ

ಹುಟ್ಟು ಕುರುಡನೊಬ್ಬನನ್ನು ಕಂಡು ಶಿಷ್ಯರು ಯೇಸುಸ್ವಾಮಿಯನ್ನು ಕೇಳಿದರು, ಇದು ಇವನು ಮಾಡಿದ ಪಾಪವೋ, ಇವನ ತಂದೆತಾಯಿ ಮಾಡಿದ ಪಾಪವೋ ಅಂತ. ಸ್ವಾಮಿ ಎರಡೂ ಅಲ್ಲ ಎಂದರು (ಯೊವಾನ್ನ, 9ನೇ ಅಧ್ಯಾಯ). ಸಿಲೋವಾಮಿನ ಗೋಪುರ ಬಿದ್ದು 18 ಜನ ಸತ್ತಾಗಲೂ ಅಷ್ಟೇ. ಸತ್ತವರು ಊರಿನ ಉಳಿದವರಿಗಿಂತ ದೊಡ್ಡ ಪಾಪಿಗಳಲ್ಲ ಎಂದರು; ಜೊತೆಗೆ, ಕೇಳುತ್ತಿದ್ದವರೆಲ್ಲಾ ಮನಸ್ಸು ತಿರುಗಿಸಿಕೊಳ್ಳಬೇಕೆಂದು ಎಚ್ಚರಿಸಿದರು (ಲೂಕ, 13ನೇ ಅಧ್ಯಾಯ).

ಆದ್ದರಿಂದ ಮಗುವಿಗೆ ಕಾಯಿಲೆ ಬಂದರೆ ತಾಯಿ ತನ್ನನ್ನೇ ಶಪಿಸಿಕೊಳ್ಳಬೇಕಾಗಿಲ್ಲ. ನೆಂಟರು “ಇದು ನಿನ್ನ ಕರ್ಮ” ಅಂದರೆ ಅದನ್ನು ದೇವರ ಮಾತು ಅಂತ ತಿಳಿಯಬೇಕಾಗಿಲ್ಲ. ಪಾಪವೇ ಇಲ್ಲದ ಯೇಸುಸ್ವಾಮಿಯೇ ಶಿಲುಬೆ ಹೊತ್ತರು. ಆದರೆ ಕೆಲವು ಕಷ್ಟಗಳು ನಮ್ಮ ತಪ್ಪಿನಿಂದಲೇ ಬರುತ್ತವೆ ಎಂಬುದೂ ನಿಜ. ಕೂಲಿ ಹಣವನ್ನೆಲ್ಲಾ ಕುಡಿದು ಮನೆಗೆ ಬಂದವನ ಮಕ್ಕಳು ಹಸಿದು ಮಲಗಿದರೆ, ಆ ಹಸಿವು ದೇವರು ಕೊಟ್ಟದ್ದಲ್ಲ.

ಇಬ್ಬರು ಶಿಷ್ಯರು, ಎರಡು ದಾರಿ

ಯೂದನು 30 ಬೆಳ್ಳಿ ನಾಣ್ಯಗಳಿಗೆ ಗುರುವನ್ನು ಹಿಡಿದುಕೊಟ್ಟ. ಪೇತ್ರ ಅದೇ ರಾತ್ರಿ ಇದ್ದಿಲ ಬೆಂಕಿ ಕಾಯಿಸಿಕೊಳ್ಳುತ್ತಾ, ಆತನನ್ನು ನಾನು ಅರಿಯೆ ಎಂದು ಮೂರು ಸಲ ಹೇಳಿದ. ಕೋಳಿ ಕೂಗಿತು. ಇಬ್ಬರಿಗೂ ದುಃಖವಾಯಿತು. ಯೂದ ಹಣ ವಾಪಸ್ ಕೊಟ್ಟ, ತಪ್ಪು ಮಾಡಿದೆ ಅಂತಲೂ ಒಪ್ಪಿಕೊಂಡ. ಪೇತ್ರ ಹೊರಗೆ ಹೋಗಿ ಬಿಕ್ಕಿಬಿಕ್ಕಿ ಅತ್ತ.

ಹಾಗಾದರೆ ವ್ಯತ್ಯಾಸ ಎಲ್ಲಿ? ಯೂದ ತನ್ನ ತಪ್ಪನ್ನು ಮಾತ್ರ ನೋಡಿದ, ಗುರುವಿನ ಮುಖ ನೋಡಲು ಬರಲಿಲ್ಲ. ನಿರಾಸೆಯಲ್ಲಿ ಪ್ರಾಣ ಕಳೆದುಕೊಂಡ. ಪೇತ್ರ ನಾಚಿಕೆ ಹೊತ್ತುಕೊಂಡೇ ಮರಳಿ ಬಂದ. ಪುನರುತ್ಥಾನದ ನಂತರ ತಿಬೇರಿಯ ಸರೋವರದ ದಡದಲ್ಲಿ ಮತ್ತೊಂದು ಇದ್ದಿಲ ಬೆಂಕಿ ಉರಿಯುತ್ತಿತ್ತು. ಅಲ್ಲಿ ಸ್ವಾಮಿ ಮೂರು ಸಲ ಕೇಳಿದ್ದು, ನೀನು ಯಾಕೆ ಹಾಗೆ ಮಾಡಿದೆ ಅಂತಲ್ಲ, ನನ್ನನ್ನು ಪ್ರೀತಿಸುತ್ತೀಯಾ ಅಂತ. ಬರೀ ಕೊರಗು ಪಶ್ಚಾತ್ತಾಪ ಅಲ್ಲ. ದೇವರ ಕಡೆಗೆ ತಿರುಗುವುದೇ ಪಶ್ಚಾತ್ತಾಪ. ಬದುಕೇ ಬೇಡ ಅನ್ನಿಸುವಷ್ಟು ಕೊರಗು ಇರುವವರು ಒಬ್ಬರೇ ಇರಬಾರದು. ಜೊತೆಗೆ ಬಂದವರಿಗೋ, ಗುರುಗಳಿಗೋ, ವೈದ್ಯರಿಗೋ ಕೂಡಲೇ ಬಾಯಿಬಿಟ್ಟು ಹೇಳಬೇಕು.

ನಮ್ಮ ದೇಶದಲ್ಲೇ ನಡೆದದ್ದು

ಕೇರಳದ ಪುಲ್ಲುವಳಿ ಊರಿನ ಸಿಸ್ಟರ್ ರಾಣಿ ಮರಿಯಾ ಮಧ್ಯಪ್ರದೇಶದ ಉದಯನಗರದಲ್ಲಿ ಬಡ ಆದಿವಾಸಿಗಳ ಸೇವೆ ಮಾಡುತ್ತಿದ್ದರು. ಸಾಲದ ಹಿಡಿತದಿಂದ ಜನ ಬಿಡಿಸಿಕೊಳ್ಳಲು ದಾರಿ ತೋರಿಸಿದ್ದು ಅಲ್ಲಿನ ಕೆಲವು ಬಲಾಢ್ಯರಿಗೆ ಸಹಿಸಲಿಲ್ಲ. 1995ರ ಫೆಬ್ರವರಿ 25ರಂದು, ಇಂದೋರಿಗೆ ಹೊರಟಿದ್ದ ಬಸ್ಸಿನಲ್ಲಿ, ಸಮಂದರ್ ಸಿಂಗ್ ಎಂಬ ಯುವಕ ಅವರನ್ನು ಚಾಕುವಿನಿಂದ ಇರಿದು ಕೊಂದ. ಆಗ ಅವರಿಗೆ 41 ವರ್ಷ.

ಜೈಲಿನಲ್ಲಿ ಅವನ ಎದೆಯಲ್ಲಿದ್ದದ್ದು ಪಶ್ಚಾತ್ತಾಪ ಅಲ್ಲ, ತನ್ನನ್ನು ಈ ಕೆಲಸಕ್ಕೆ ಹಚ್ಚಿದವರ ಮೇಲಿನ ಸೇಡು. ಸ್ವಾಮಿ ಸದಾನಂದ ಎಂಬ ಗುರುಗಳು ಜೈಲಿಗೆ ಹೋಗಿ ಅವನ ಜೊತೆ ಮಾತನಾಡಿ ಮನಸ್ಸನ್ನು ಹದ ಮಾಡಿದರು. 2002ರಲ್ಲಿ ರಾಣಿ ಮರಿಯಾರವರ ತಂಗಿ, ತಾವೂ ಕನ್ಯಾಸ್ತ್ರೀಯಾದ ಸಿಸ್ಟರ್ ಸೆಲ್ಮಿ ಪೌಲ್, ಜೈಲಿಗೇ ಹೋಗಿ ಅವನಿಗೆ ರಾಖಿ ಕಟ್ಟಿದರು. ಅಕ್ಕನನ್ನು ಕೊಂದ ಕೈಗೆ ತಂಗಿ ಕಟ್ಟಿದ ದಾರ ಅದು. ಮನೆಯವರೂ ಕ್ಷಮಿಸಿದರು. 2006ರಲ್ಲಿ ಬಿಡುಗಡೆಯಾದ ಸಮಂದರ್ ಮರುವರ್ಷ ಕೇರಳಕ್ಕೆ ಹೋಗಿ ಆ ತಾಯಿಯ ಮುಂದೆ ನಿಂತ. ತಾಯಿ ಅವನ ಕೈಗೆ ಮುತ್ತಿಟ್ಟರು. 2017ರ ನವೆಂಬರ್ 4ರಂದು ಇಂದೋರಿನಲ್ಲಿ ರಾಣಿ ಮರಿಯಾರವರನ್ನು ಪುನೀತೆ ಎಂದು ಧರ್ಮಸಭೆ ಘೋಷಿಸಿತು.

ಇಲ್ಲಿ ಒಂದು ಅಂಶ ಗಮನಿಸಬೇಕು. ಕ್ಷಮೆ ಸಿಕ್ಕಿತು ಅಂತ ತಪ್ಪು ಸಣ್ಣದಾಗಲಿಲ್ಲ. ಅವನು 11 ವರ್ಷ ಜೈಲಿನಲ್ಲಿ ಕಳೆದ. ಸತ್ತವರು ಎದ್ದು ಬರಲಿಲ್ಲ. ಆದರೆ ದ್ವೇಷ ಮುಂದಿನ ತಲೆಮಾರಿಗೆ ದಾಟಲಿಲ್ಲ.

ಪಾಪನಿವೇದನೆಗೆ ಸಿದ್ಧತೆ

1. ಆತ್ಮಪರಿಶೋಧನೆ: ಸ್ವಲ್ಪ ಹೊತ್ತು ಸುಮ್ಮನೆ ಕುಳಿತು ನಡೆದದ್ದನ್ನು ನೆನೆಯುವುದು. ಅತ್ತೆಯ ತಪ್ಪು, ಸೊಸೆಯ ತಪ್ಪು ಬೇಡ, ತನ್ನದು ಮಾತ್ರ.

2. ಮನಮರುಗುವುದು: ಸಿಕ್ಕಿಬಿದ್ದೆ ಅಂತ ಅಲ್ಲ, ದೇವರ ಪ್ರೀತಿಗೆ ದ್ರೋಹ ಮಾಡಿದೆ ಅಂತ.

3. ದೃಢಸಂಕಲ್ಪ: ಮತ್ತೆ ಮಾಡೋಲ್ಲ ಎಂಬ ನಿರ್ಧಾರ.

4. ಪಾಪನಿವೇದನೆ: ಗುರುಗಳ ಮುಂದೆ ಮುಚ್ಚುಮರೆ ಇಲ್ಲದೆ ಹೇಳುವುದು. ಕೇಳಿದ್ದನ್ನು ಗುರುಗಳು ಯಾವ ಕಾರಣಕ್ಕೂ, ಯಾರಿಗೂ ಹೇಳುವಂತಿಲ್ಲ. ಇದು ಧರ್ಮಸಭೆಯ ಕಟ್ಟುನಿಟ್ಟಿನ ನಿಯಮ.

5. ಪ್ರಾಯಶ್ಚಿತ್ತ: ಗುರುಗಳು ಹೇಳಿದ ಪ್ರಾರ್ಥನೆ ಅಥವಾ ಸತ್ಕಾರ್ಯವನ್ನು ಮರೆಯದೆ ಮಾಡುವುದು.

ಘೋರ ಪಾಪಗಳನ್ನು ವರ್ಷಕ್ಕೆ ಒಂದು ಸಲವಾದರೂ ನಿವೇದಿಸಬೇಕೆಂಬುದು ಕಥೋಲಿಕರಿಗೆ ಇರುವ ಕಟ್ಟಳೆ. ಈ ಸಂಸ್ಕಾರ ಜ್ಞಾನಸ್ನಾನ ಪಡೆದವರಿಗೆ. ಆದರೆ ಪ್ರಾರ್ಥನೆಗೂ ಮನಸ್ಸಿನ ಪರಿವರ್ತನೆಗೂ ಜಾತಿ ಮತದ ತಡೆಯಿಲ್ಲ.

ಬೆಟ್ಟ ಇಳಿದ ಮೇಲೆ

ಸುಂಕದ ಜಕ್ಕಾಯ, ಮೋಸದಿಂದ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಎಂದ (ಲೂಕ, 19ನೇ ಅಧ್ಯಾಯ). ತಮ್ಮನ ಜಮೀನಿನ ಬದು ಒತ್ತಿದವರು ಇಲ್ಲಿ ನೂರು ಮೇಣದಬತ್ತಿ ಹಚ್ಚಿದರೂ ಆ ಬದು ತಾನಾಗಿ ಸರಿಯಾಗೋಲ್ಲ. ಊರಿಗೆ ಹೋಗಿ ಕಲ್ಲನ್ನು ಅದರ ಜಾಗಕ್ಕೆ ಹಾಕಬೇಕು. ಹರಕೆ ಕಾಣಿಕೆ ದೇವರಿಗೆ ಕೊಡುವ ಲಂಚವಲ್ಲ.

ನೊಂದವರಿಗೂ ಒಂದು ಮಾತು. ಕ್ಷಮಿಸುವುದು ಎಂದರೆ ಹೊಡೆಯುವವನ ಕೈಗೆ ಮತ್ತೆ ಸಿಗುವುದಲ್ಲ. ದೂರು ಕೊಟ್ಟು, ದೂರ ಇದ್ದುಕೊಂಡೂ ಸೇಡು ಬಿಡಬಹುದು. ಅದಕ್ಕೆ ಕಾಲ ಬೇಕಾದರೆ ದೇವರು ಕಾಯುತ್ತಾರೆ.

ಶಿಲುಬೆ ಹಾದಿಯ 14 ಸ್ಥಳಗಳಲ್ಲಿ 3ನೆಯದು, 7ನೆಯದು, 9ನೆಯದು ಸ್ವಾಮಿ ಬಿದ್ದ ಸ್ಥಳಗಳು. ಮೂರು ಸಲ ಬಿದ್ದರು, ಮೂರು ಸಲವೂ ಎದ್ದರು. ಭಕ್ತಾದಿಗಳು ಅಲ್ಲಿ ಒಂದು ಕ್ಷಣ ಹೆಚ್ಚು ನಿಂತು, ಮನೆಯಲ್ಲಿ ಯಾರ ಹತ್ತಿರ ಮಾತು ಬಿಟ್ಟಿದ್ದಾರೋ ಅವರ ಹೆಸರು ಹೇಳಿ ಪ್ರಾರ್ಥಿಸಲಿ. ಬೆಟ್ಟ ಇಳಿಯುವಾಗ ಆ ಭಾರ ಸ್ವಲ್ಪವಾದರೂ ಹಗುರಾಗಲಿ.